ದುಡ್ಡು ಇತ್ತು, ಹೊಲ ಯಾಕೆ ಹೋಯ್ತು? ‘ಆಫ್ ಮೈಸ್ ಅಂಡ್ ಮೆನ್’ ಓದಿದ ಟಿಪ್ಪಣಿ

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ಈ ಕಿರುಕಾದಂಬರಿಯ ಕಥೆ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ. ಮರೆತವರಿಗೆ ಇಷ್ಟು ಸಾಕು: ಕ್ಯಾಲಿಫೋರ್ನಿಯಾದ ಸೋಲೆಡಾಡ್ ಹತ್ತಿರದ ಒಂದು ರ‍್ಯಾಂಚಿಗೆ ಜಾರ್ಜ್ ಮತ್ತು ಲೆನ್ನಿ ಕೂಲಿಗೆ ಬರುತ್ತಾರೆ. ಲೆನ್ನಿಗೆ ಮೈತುಂಬ ಶಕ್ತಿ, ಬುದ್ಧಿ ಮಾತ್ರ ಮಗುವಿನದು. ದುಡ್ಡು ಕೂಡಿಸಿ ಸ್ವಂತದ್ದೊಂದು ಹೊಲ ಕೊಂಡು, ಮೊಲ ಸಾಕಿಕೊಂಡು ಇರಬೇಕು ಅನ್ನೋದು ಇಬ್ಬರ ಕನಸು. ಗುರುವಾರ ಸಂಜೆ ಹೊಳೆ ದಂಡೆಯಲ್ಲಿ ಶುರುವಾದದ್ದು ಭಾನುವಾರ ಅಲ್ಲೇ ಮುಗಿಯುತ್ತದೆ. ನಡುವೆ ಮಾಲೀಕನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸಾಯುತ್ತಾಳೆ. ಕೊನೆಗೆ ಲೆನ್ನಿ ಜಾರ್ಜನ ಕೈಯಲ್ಲಿ.

ಒಂಟಿತನ ಎಲ್ಲಿ ಕಾಣುತ್ತದೆ

‘ರ‍್ಯಾಂಚ್ ಆಳುಗಳಷ್ಟು ಒಂಟಿ ಜನ ಇನ್ನೊಬ್ಬರಿಲ್ಲ’ ಅನ್ನೋ ಅರ್ಥದ ಜಾರ್ಜನ ಮಾತನ್ನೇ ಎಲ್ಲರೂ ಬರೆಯುತ್ತಾರೆ. ಅದಕ್ಕಿಂತ ಆಳುಗಳು ಮಲಗುವ ಕೋಣೆಯನ್ನು ಸರಿಯಾಗಿ ನೋಡಿ. ಪ್ರತಿ ಹಾಸಿಗೆಯ ಮೇಲ್ಗಡೆ ಗೋಡೆಗೆ ಒಂದು ಸೇಬಿನ ಪೆಟ್ಟಿಗೆ ಹೊಡೆದಿದೆ. ಸೋಪು, ರೇಜರ್, ಔಷಧಿ, ಒಂದೆರಡು ಮ್ಯಾಗಜೀನು. ಒಬ್ಬ ಮನುಷ್ಯನ ಆಸ್ತಿ ಅಷ್ಟೇ. ಜಾರ್ಜ್‌ಗೆ ಸಿಕ್ಕ ಹಾಸಿಗೆ ಮೊದಲು ಒಬ್ಬ ಕಮ್ಮಾರನದಾಗಿತ್ತು. ಅವನು ಯಾಕೆ ಬಿಟ್ಟ? ಊಟ ಸರಿಯಿಲ್ಲ ಅಂದನಂತೆ, ಒಂದು ದಿನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟನಂತೆ. ಆಮೇಲೆ ಎಲ್ಲಿಗೆ ಹೋದ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಟ್ ಅನ್ನೋ ಹುಡುಗ ಮ್ಯಾಗಜೀನು ತರುವ ಜಾಗ. ಅದರಲ್ಲಿ ಒಂದು ಓದುಗರ ಪತ್ರ ಅಚ್ಚಾಗಿದೆ. ಬರೆದವನು ಬಿಲ್ ಟೆನ್ನರ್, ಹಿಂದೆ ಇದೇ ರ‍್ಯಾಂಚಿನಲ್ಲಿ ಇವರ ಜೊತೆ ದುಡಿದವನು. ಪತ್ರದಲ್ಲಿ ವಿಶೇಷ ಏನೂ ಇಲ್ಲ, ‘ನಿಮ್ಮ ಪತ್ರಿಕೆ ಚೆನ್ನಾಗಿದೆ’ ಅನ್ನೋ ಥರದ್ದು. ಆದರೂ ವಿಟ್ ಅದನ್ನು ತೋರಿಸುತ್ತಾನೆ. ಜಾರ್ಜ್ ನೋಡಲು ಕೈ ಚಾಚಿದರೆ ಪುಟ ತೋರಿಸುತ್ತಾನೆ, ಮ್ಯಾಗಜೀನು ಮಾತ್ರ ಕೈಬಿಡುವುದಿಲ್ಲ. ಆಮೇಲೆ ಜೋಪಾನವಾಗಿ ತನ್ನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಹೊರಟುಹೋದ ಜೊತೆಗಾರನ ಗುರುತು ಅಂತ ಇವರಿಗೆ ಸಿಗುವುದು ಅಚ್ಚಾದ ಒಂದು ಹೆಸರು. ಇದೆಲ್ಲ ನಡೆಯುವುದು ಮುದುಕ ಕ್ಯಾಂಡಿಯ ನಾಯಿಯನ್ನು ಕೊಲ್ಲಬೇಕು ಅನ್ನೋ ಒತ್ತಾಯದ ನಡುವೆ. ಪತ್ರ ಓದುವಷ್ಟು ಹೊತ್ತು ನಾಯಿಗೆ ಜೀವದಾನ. ಮುಗಿದ ಕೂಡಲೇ ಇನ್ನೊಬ್ಬ ಆಳು ಕಾರ್ಲ್‌ಸನ್ ಮತ್ತೆ ಅದೇ ವರಾತ ಶುರು ಮಾಡುತ್ತಾನೆ.

ಗಂಟು ಬೀಳುವ ಜಾಗ

ಹೊಲದ ಕನಸು ಯಾಕೆ ಒಡೆಯಿತು? ‘ಬಡತನ, ದುಡ್ಡಿಲ್ಲ’ ಅನ್ನೋದು ಸುಲಭದ ಉತ್ತರ. ಕಾಲ 1930ರ ದಶಕದ ಆರ್ಥಿಕ ಕುಸಿತದ್ದು, ಹಾಗಾಗಿ ಆ ಉತ್ತರ ಕೇಳಲು ಸರಿ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಇಲ್ಲಿ ನಿಧಾನಕ್ಕೆ ಹೋಗೋಣ.

ಹೊಲದ ಬೆಲೆ 600 ಡಾಲರ್. ಈ ಕನಸಿಗೆ ಕ್ಯಾಂಡಿಯೂ ಸೇರಿಕೊಳ್ಳುತ್ತಾನೆ. ಕೈ ಕಳೆದುಕೊಂಡದ್ದಕ್ಕೆ ಅವನಿಗೆ ಸಿಕ್ಕಿದ್ದು 250, ಬ್ಯಾಂಕಿನಲ್ಲಿರುವುದು 50, ತಿಂಗಳ ಕೊನೆಗೆ ಬರುವುದು ಇನ್ನೊಂದು 50. ಒಟ್ಟು 350. ಜಾರ್ಜ್, ಲೆನ್ನಿ ಒಂದು ತಿಂಗಳು ಏನೂ ಖರ್ಚು ಮಾಡದೆ ದುಡಿದರೆ ಇಬ್ಬರದೂ ಸೇರಿ 100. ಅಲ್ಲಿಗೆ 450. ಇಷ್ಟಿದ್ದರೆ ಮಾತುಕತೆ ಕುದುರಿಸಬಹುದು ಅಂತ ಜಾರ್ಜನೇ ಹೇಳುತ್ತಾನೆ.

ಈಗ ಲೆನ್ನಿಯನ್ನು ತೆಗೆದುಬಿಡಿ. ಎಷ್ಟು ಕಡಿಮೆಯಾಯ್ತು? 50 ಡಾಲರ್. ಒಬ್ಬ ಆಳಿನ ಒಂದು ತಿಂಗಳ ಕೂಲಿ. ಇನ್ನೊಂದು ತಿಂಗಳು ದುಡಿದರೆ ತುಂಬಿಹೋಗುತ್ತದೆ. ಕ್ಯಾಂಡಿಗೂ ಇದು ಗೊತ್ತು. ಕರ್ಲಿಯ ಹೆಂಡತಿಯ ಹೆಣದ ಮುಂದೆ ನಿಂತೇ ಅವನು ಕೇಳುತ್ತಾನೆ: ನಾವಿಬ್ಬರೇ ಆ ಜಾಗಕ್ಕೆ ಹೋಗಬಹುದಲ್ವಾ? ಆಗಿನ್ನೂ ಲೆನ್ನಿ ಬದುಕಿದ್ದಾನೆ, ದುಡ್ಡೂ ಇದೆ. ಆದರೂ ಜಾರ್ಜ್ ಹೂಂ ಅನ್ನುವುದಿಲ್ಲ. ತಿಂಗಳ ಕೂಲಿ ತಗೊಂಡು ಸೂಳೆಮನೆಯಲ್ಲೋ ಬಿಲಿಯರ್ಡ್ಸ್ ಕೋಣೆಯಲ್ಲೋ ಕಳೆಯುತ್ತೇನೆ, ಮತ್ತೆ ಬಂದು ದುಡಿಯುತ್ತೇನೆ ಅನ್ನುತ್ತಾನೆ. ಅಂದರೆ ಬೇರೆ ಆಳುಗಳ ಥರವೇ.

ಹಾಗಾದರೆ ಹೋದದ್ದೇನು? ಉತ್ತರ ಅದೇ ಪುಟದಲ್ಲಿದೆ, ಓದುವಾಗ ದಾಟಿಹೋಗುತ್ತದೆ. ಇದು ಆಗುವುದಿಲ್ಲ ಅಂತ ನನಗೆ ಮೊದಲಿಂದಲೂ ಗೊತ್ತಿತ್ತೇನೋ ಅನ್ನುತ್ತಾನೆ ಜಾರ್ಜ್. ಲೆನ್ನಿಗೆ ಅದನ್ನು ಕೇಳೋದು ಎಷ್ಟು ಇಷ್ಟವಾಗಿತ್ತೆಂದರೆ, ಹೇಳಿ ಹೇಳಿ ತನಗೂ ನಂಬಿಕೆ ಬಂದುಬಿಟ್ಟಿತ್ತು. ಗಮನಿಸಿ, ಕನಸು ಕಂಡು ಆಮೇಲೆ ಲೆನ್ನಿಗೆ ಹೇಳಿದ್ದಲ್ಲ. ಲೆನ್ನಿ ಕೇಳುತ್ತಿದ್ದ, ಅದಕ್ಕೇ ಕನಸು ನಿಂತಿತ್ತು. ಮೊಲ ಸಾಕುವ ಮಾತು ಬಂದಾಗ ‘ಮುಂದೆ ಹೇಳು, ಜಾರ್ಜ್’ ಅಂತ ಒತ್ತಾಯಿಸುವವನೇ ಇಲ್ಲದಿದ್ದರೆ ಆ ಹೊಲ ಸುಮ್ನೆ ಒಂದಿಷ್ಟು ನೆಲ.

ಇದೇ ಬೀಗದಕೈ ಬೇರೆ ಕಡೆಗೂ

ಕ್ರುಕ್ಸ್ ಲಾಯದ ಕೆಲಸದವನು, ರ‍್ಯಾಂಚಿನಲ್ಲಿ ಒಬ್ಬನೇ ಕಪ್ಪು ಮನುಷ್ಯ. ಅವನನ್ನು ಆಳುಗಳ ಕೋಣೆಗೆ ಸೇರಿಸುವುದಿಲ್ಲ. ಜೀನು, ಲಗಾಮು ಇಡುವ ಕೋಣೆಯೇ ಅವನ ಮನೆ. ಅಲಾರಂ ಗಡಿಯಾರ, ಬಂದೂಕು, ಪುಸ್ತಕ, ಹಲವು ಜೊತೆ ಶೂ. ಎಲ್ಲರಿಗಿಂತ ಜಾಸ್ತಿ ಸಾಮಾನು ಅವನದೇ, ಮಾತಾಡಲು ಯಾರೂ ಇಲ್ಲದವನೂ ಅವನೇ. ಶನಿವಾರ ರಾತ್ರಿ ಲೆನ್ನಿ ಒಳಗೆ ಬಂದಾಗ ಮೊದಲು ಗದರುತ್ತಾನೆ, ಆಮೇಲೆ ಕೂರಿಸಿಕೊಂಡು ಮನಸ್ಸು ಬಿಚ್ಚುತ್ತಾನೆ. ಲೆನ್ನಿಗೆ ಏನೂ ಅರ್ಥವಾಗುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅರ್ಥವಾದರೇನು ಬಿಟ್ಟರೇನು, ಮಾತಾಡುವುದು ಮುಖ್ಯ, ಜೊತೆಗೊಬ್ಬ ಇರುವುದು ಮುಖ್ಯ ಅನ್ನುತ್ತಾನೆ. ‘ಜಾರ್ಜ್ ವಾಪಸ್ ಬರದಿದ್ದರೆ?’ ಅಂತ ಲೆನ್ನಿಯನ್ನು ಹಿಂಸಿಸುವುದೂ ಇದೇ ಹೊತ್ತಿನಲ್ಲಿ. ತನ್ನ ಒಂಟಿತನ ಹೇಗಿರುತ್ತದೆ ಅಂತ ಇನ್ನೊಬ್ಬನ ಮುಖದಲ್ಲಿ ನೋಡುವ ಆಸೆ ಅದು, ಬರೀ ಕೆಟ್ಟತನ ಅಲ್ಲ.

ಕರ್ಲಿಯ ಹೆಂಡತಿಯೂ ಹಾಗೇ. ಅವಳಿಗೆ ಹೆಸರೇ ಇಟ್ಟಿಲ್ಲ. ಕೇಳುವವನನ್ನು ಯಾರಾದರೂ ಎಳೆದುಕೊಂಡು ಹೋಗುವ ಮುಂಚೆ ಮುಗಿಸಬೇಕು ಅನ್ನೋ ಹಾಗೆ ಅವಳ ಮಾತು ಧುಮ್ಮಿಕ್ಕುತ್ತದೆ. ಎದುರಿಗಿರುವವನು ಮತ್ತೆ ಲೆನ್ನಿ. ಅವನ ತಲೆಯಲ್ಲಿ ಬರೀ ಮೊಲ. ಜಾರ್ಜ್, ಕ್ರುಕ್ಸ್, ಇವಳು, ಮೂವರೂ ಹೇಳಿಕೊಳ್ಳುವುದು ಒಬ್ಬನ ಹತ್ತಿರವೇ.

‘ಜಾರ್ಜ್, ಲೆನ್ನಿಯದು ಸ್ನೇಹವಲ್ಲ, ಬರೀ ಜವಾಬ್ದಾರಿ’ ಅನ್ನೋ ವಾದಕ್ಕೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಮ್ಮೆ ಜಾರ್ಜ್ ತಮಾಷೆಗೆ ಹೇಳಿದ್ದಕ್ಕೆ ಈಜು ಬಾರದ ಲೆನ್ನಿ ಸ್ಯಾಕ್ರಮೆಂಟೊ ಹೊಳೆಗೆ ಹಾರಿದ್ದ. ಎಳೆದು ಹಾಕಿದ ಮೇಲೆ ಜಾರ್ಜ್‌ಗೇ ಥ್ಯಾಂಕ್ಸ್ ಹೇಳುತ್ತಾನೆ. ಅವತ್ತಿಂದ ಜಾರ್ಜ್ ಅಂಥ ಆಟ ನಿಲ್ಲಿಸಿದ. ಜವಾಬ್ದಾರಿ ಅಲ್ಲಿ ಹುಟ್ಟಿತು ಅನ್ನಬಹುದು, ಆದರೆ ಅದು ಅಷ್ಟಕ್ಕೇ ನಿಲ್ಲಲಿಲ್ಲ.

ನನ್ನ ಓದಿಗೆ ಒಂದು ಆಕ್ಷೇಪ ಬರಬಹುದು. ಹೇಸರಗತ್ತೆ ಹೊಡೆಯುವ ಸ್ಲಿಮ್ ಇದ್ದಾನಲ್ಲ, ಅವನೂ ಕೇಳುವವನೇ. ಹೊಳೆಯ ಕಥೆಯನ್ನು ಜಾರ್ಜ್ ಬಿಚ್ಚಿಟ್ಟದ್ದು ಅವನ ಹತ್ತಿರ, ಕೊನೆಯಲ್ಲಿ ಜಾರ್ಜನನ್ನು ಕುಡಿಯಲು ಕರೆದೊಯ್ಯುವವನೂ ಅವನೇ. ಹಾಗಾದರೆ ಜಾರ್ಜ್ ಪೂರ್ತಿ ಒಂಟಿ ಅಲ್ಲ. ಸರಿ, ಒಪ್ಪೋಣ. ಆದರೆ ಸ್ಲಿಮ್‌ಗೆ ಹೇಳಿದ್ದೆಲ್ಲ ಆಗಿಹೋದ ಮಾತು. ಹೊಲದ ವಿಷಯ ಅವನ ಮುಂದೆ ಜಾರ್ಜ್ ಎತ್ತುವುದೇ ಇಲ್ಲ.