ಬುಸ್ಸೆಂದರೆ ಕೊಳೆ ಹೋಯಿತೇ?

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ಸೆಂದು ನೊರೆಯೇಳುತ್ತದೆ. ಮನೆಯಲ್ಲೇ ಕ್ಲೀನರ್ ಮಾಡಿಕೊಳ್ಳಿ ಎನ್ನುವ ವಿಡಿಯೋಗಳಿಗೆ ಈ ನೊರೆ ಅಚ್ಚುಮೆಚ್ಚು. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಶೇ 4ರ ವಿನೆಗರ್ 100 ಮಿ.ಲೀ. ತೆಗೆದುಕೊಂಡರೆ ಅದರಲ್ಲಿರುವ ಅಸಿಟಿಕ್ ಆಮ್ಲ ಸುಮಾರು 4 ಗ್ರಾಂ. ಅದನ್ನು ಪೂರ್ತಿ ತಣಿಸಲು 5.6 ಗ್ರಾಂ ಸೋಡಾ, ಅಂದರೆ ಟೀ ಚಮಚಕ್ಕಿಂತ ತುಸು ಹೆಚ್ಚು, ಸಾಕು. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಆಮ್ಲವೂ ಹೋಯಿತು, ಕ್ಷಾರವೂ ಹೋಯಿತು; ಕೊಳೆ ತೆಗೆಯುವ ಶಕ್ತಿಯೂ ಅವುಗಳ ಜೊತೆಗೇ ಹೋಯಿತು. ನೊರೆ ಇಳಿಯುವ ಮೊದಲೇ ಈ ಮಿಶ್ರಣವನ್ನು ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು.

ಆಮ್ಲ, ಕ್ಷಾರ ಎರಡನ್ನೂ ಬೆರೆಸದೆ ಒಂದೊಂದನ್ನು ಅದರದೇ ಕೆಲಸಕ್ಕೆ ಬಳಸುವ ವಿವೇಕ ಹಳೆಯ ಅಡುಗೆಮನೆಗೆ ಇತ್ತು. ಕಿಲುಬು ಹಿಡಿದ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು, ಜಿಡ್ಡಿನ ಬಾಣಲೆಗೆ ಒಲೆಯ ಬೂದಿ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಆಕ್ಸೈಡನ್ನು ಕರಗಿಸುತ್ತದೆ. ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟ್ ಎಣ್ಣೆಯನ್ನು ಸಡಿಲಿಸುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಗೆ ‘ಉಪ್ಪು ಕಟ್ಟಿದೆ’ ಎನ್ನುತ್ತೇವಲ್ಲ, ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಸೋಪು ಹಾಕಿ ಎಷ್ಟು ತಿಕ್ಕಿದರೂ ಅದು ಜಗ್ಗುವುದಿಲ್ಲ, ಆಮ್ಲವೇ ಬೇಕು. ವಿನೆಗರ್‌ಗಿಂತ ಸಿಟ್ರಿಕ್ ಆಮ್ಲ ಮೇಲು: ವಾಸನೆಯಿಲ್ಲ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಗುತ್ತದೆ. ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ ಕರಗಿಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಕಾಲು ಗಂಟೆ ಬಿಡಿ. ಆಮೇಲೆ ಒರೆಸಿ ಚೆನ್ನಾಗಿ ತೊಳೆಯಿರಿ. ಪರೆ ದಪ್ಪವಿದ್ದರೆ ಹೊಸ ದ್ರಾವಣದಲ್ಲಿ ಮತ್ತೊಮ್ಮೆ. ಕೆಟಲ್‌ಗೂ ಇದೇ ಅಳತೆ, ಆದರೆ ಕುದಿಸಬೇಡಿ: ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ವಸ್ತು, ಬಿಳಿ ಪುಡಿಯಾಗಿ ಮತ್ತೆ ತಳ ಸೇರುತ್ತದೆ.

ಇದೇ ದ್ರಾವಣ ನೆಲಕ್ಕೆ ಬಿದ್ದರೆ ಬೇರೆ ಕಥೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಅಡುಗೆ ಕಟ್ಟೆಯ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಮೊಸಾಯಿಕ್‌ನಲ್ಲಿ ಅಮೃತಶಿಲೆಯ ಚೂರುಗಳಿವೆ. ನಲ್ಲಿಯ ಪರೆ ಯಾವುದು, ನೆಲ ಯಾವುದು ಎಂದು ಆಮ್ಲಕ್ಕೆ ಗೊತ್ತಾಗುವುದಿಲ್ಲ. ಹೊಳಪು ಹೋಗಿ ಮಚ್ಚೆ ಬೀಳುತ್ತದೆ, ಮತ್ತೆ ಪಾಲಿಷ್ ಮಾಡಿಸದೆ ಅದು ಸರಿಹೋಗದು. ನಿಂಬೆಹಣ್ಣೂ ಹಾಗೆಯೇ. ಸಿಪ್ಪೆ-ಬೆಲ್ಲ ಕೊಳೆಸಿ ಮಾಡುವ ಬಯೋ ಎಂಜೈಮ್ ಕೂಡ ಹುಳಿಯೇ; ಅದರ ಕೆಲಸದ ಬಹುಪಾಲು ಎಂಜೈಮಿನದಲ್ಲ, ಹುಳಿಯದು ಎಂದೇ ನನ್ನ ಅಭಿಪ್ರಾಯ.

ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಯಾವ ಆಮ್ಲವನ್ನೂ ಸುರಿಯಲೇಬಾರದು. ಹೊರಡುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಹೊಗೆಗೂಡಿನಂತೆ ಜಿಡ್ಡುಗಟ್ಟಿದ ಚಿಮಣಿ ಫಿಲ್ಟರಿಗೆ ವಾಷಿಂಗ್ ಸೋಡಾ: ಲೀಟರ್ ಬಿಸಿನೀರಿಗೆ 30 ಗ್ರಾಂ, ಕೈಗವಸು ಹಾಕಿಕೊಂಡು ಅರ್ಧ ಗಂಟೆ ನೆನೆಸುವುದು. ಫಿಲ್ಟರ್ ಸ್ಟೀಲಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂ ಜಾಲರಿಯಾದರೆ ಕ್ಷಾರ ಅದನ್ನೇ ತಿಂದು ಕಪ್ಪಾಗಿಸುತ್ತದೆ.

ದಿನನಿತ್ಯದ ಪಾತ್ರೆಗೆ, ನೆಲಕ್ಕೆ ಅಂಟುವಾಳವೇ ನನ್ನ ಆಯ್ಕೆ. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟು ಕಟ್ಟುತ್ತದೆ. ಅಂಟುವಾಳದಲ್ಲಿ ನೊರೆ ಕೊಡುವ ವಸ್ತುವಾದ ಸಪೋನಿನ್‌ಗೆ ವಿದ್ಯುದಾವೇಶವಿಲ್ಲವಾದ್ದರಿಂದ ಆ ತೊಂದರೆಯಿಲ್ಲ. ಬೀಜ ತೆಗೆದ 50 ಗ್ರಾಂ ಒಣಸಿಪ್ಪೆಯನ್ನು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ಮೂರು ಪಟ್ಟು ದೊಡ್ಡದಿರಲಿ, ಇಲ್ಲವಾದರೆ ನೊರೆ ಉಕ್ಕಿ ಒಲೆ ಆರಿಸುತ್ತದೆ. ಆರಿದ ಮೇಲೆ ಹಿಸುಕಿ, ಬಟ್ಟೆಯಲ್ಲಿ ಸೋಸಿ. ಅಂಗಡಿಯ ಲಿಕ್ವಿಡ್‌ನಷ್ಟು ಗಟ್ಟಿ ಬಾರದು, ನೊರೆಯೂ ಬೇಗ ಇಳಿಯುತ್ತದೆ. ಹೆಚ್ಚು ಜಿಡ್ಡಿದ್ದರೆ ಮೊದಲು ಹಳೆಯ ಪೇಪರಿನಲ್ಲಿ ಎಣ್ಣೆ ಒರೆಸಿಬಿಡಿ. ಬಿಳಿ ಬಟ್ಟೆಗೆ ಕಂದು ಛಾಯೆ ಬರಬಹುದು. ಕಣ್ಣಿಗೆ ತಾಗಿದರೆ ಖಾರದಂತೆ ಉರಿಯುತ್ತದೆ.

ಸಂರಕ್ಷಕ ಇಲ್ಲದ್ದರಿಂದ ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿವಾಸನೆ. ಐಸ್ ಟ್ರೇಯಲ್ಲಿ ಗಟ್ಟಿಮಾಡಿಟ್ಟರೆ ಬೇಕಾದಾಗ ಒಂದೊಂದು ಗಡ್ಡೆ ತೆಗೆದುಕೊಳ್ಳಬಹುದು. ಹಳಸಿದ್ದನ್ನು ಕೆರೆಗೋ ಮೀನಿನ ತೊಟ್ಟಿಗೋ ಚೆಲ್ಲಬೇಡಿ: ಸಪೋನಿನ್ ಮೀನಿಗೆ ವಿಷ.