ಬ್ಯಾಂಕಿಗೆ ಬಂದ ರೊಕ್ಕ ಯಾವ ಮಾಲಿಂದು?

ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಬೆಳೆದು, ಒಣಗಿಸಿ ಮಾರುವ ರೈತನ ಲೆಕ್ಕ ಸಣ್ಣದಲ್ಲ. ಔಷಧಿ, ಆಳಿನ ಪಗಾರ, ಕೋಲ್ಡ್ ಸ್ಟೋರೇಜ್ ಬಾಡಿಗೆ, ಹಮಾಲಿ, ಸಾಲದ ಕಂತು. ದೀಪಾವಳಿಗೆ ಪೂಜೆಯಾದ ಖಾತೆಕಿರ್ದಿಯಲ್ಲಿ ಎಲ್ಲವೂ ಇರುತ್ತದೆ, ಬೇಕಾದಾಗ ಹುಡುಕುವುದೇ ಕಷ್ಟ.

ಇದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸಾದಾ ಪಠ್ಯದ ಫೈಲಾಗಿ ಇಡಬಹುದು. ಜಾನ್ ವೀಗ್ಲಿ 2003ರಲ್ಲಿ ಶುರು ಮಾಡಿದ ‘ಲೆಜರ್’, ಸೈಮನ್ ಮೈಕಲ್ 2007ರಲ್ಲಿ ಶುರು ಮಾಡಿದ ‘ಎಚ್‌ಲೆಜರ್’ ಎರಡೂ ಇಂಥ ಲೆಕ್ಕ ಓದುವ ಉಚಿತ ತಂತ್ರಾಂಶಗಳು. ಖಾತೆಯ ಹೆಸರು ಕನ್ನಡದಲ್ಲೇ ಇರಬಹುದು:

2025-04-10 ಮಾರಾಟ
    ಆಸ್ತಿ:ಬ್ಯಾಂಕ್    44000
    ಖರ್ಚು:ಕೋಲ್ಡ್ ಸ್ಟೋರೇಜ್    4000
    ಖರ್ಚು:ಹಮಾಲಿ    2000
    ಆದಾಯ:ಒಣದ್ರಾಕ್ಷಿ    -50000

ರೊಕ್ಕ ಹೋದ ಕಡೆ ಕೂಡು, ಬಂದ ಮೂಲದ ಕಡೆ ಕಳೆ; ಎಲ್ಲ ಕೂಡಿಸಿದರೆ ಸೊನ್ನೆ. 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಜೋಡಿ ನಮೂದಿನ (ಡಬಲ್ ಎಂಟ್ರಿ) ನಿಯಮವೇ ಇದು.

ಈಗ ‘ಒಣದ್ರಾಕ್ಷಿ’ ಎಂದು ಹುಡುಕಿ ರಿಜಿಸ್ಟರ್, ಅಂದರೆ ಆ ಹೆಸರಿನ ಸಾಲುಗಳ ಪಟ್ಟಿ, ಕೇಳಿದರೆ ಕೊನೆಯ ಸಾಲೊಂದೇ ಬರುತ್ತದೆ. ರೊಕ್ಕ ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ. ಅದಕ್ಕೇ ‘ರಿಲೇಟೆಡ್’ ಎಂಬ ಆಯ್ಕೆ ಇದೆ. ಅದನ್ನು ಸೇರಿಸಿದರೆ ಹುಡುಕಿದ ಸಾಲು ಬಿಟ್ಟು, ಅದೇ ವ್ಯವಹಾರದ ಉಳಿದ ಮೂರು ಸಾಲು ಬರುತ್ತವೆ.

ಆ ಮೂರರಲ್ಲಿ ಬ್ಯಾಂಕ್ ಖಾತೆಯ ಸಾಲು ಮಾತ್ರ ಬೇಕೇ? ಮೊದಲು ‘ಪ್ರಿಂಟ್’ ಆದೇಶದಿಂದ ಒಣದ್ರಾಕ್ಷಿ ಇರುವ ವ್ಯವಹಾರಗಳನ್ನು ಇಡಿಯಾಗಿ ತೆಗೆದು, ಬಂದದ್ದನ್ನು ಮತ್ತೆ ಎಚ್‌ಲೆಜರ್‌ಗೇ ಕೊಟ್ಟು ‘ಬ್ಯಾಂಕ್’ ಎಂದು ಹುಡುಕಬೇಕು. ಪ್ರಿಂಟ್ ಕೊಡುವ ಉತ್ತರವೂ ಒಂದು ಲೆಕ್ಕದ ಫೈಲೇ ಆಗಿರುವುದರಿಂದ ಇದು ಸಾಧ್ಯ. ಪಠ್ಯದಲ್ಲಿ ಲೆಕ್ಕ ಇಡುವುದರ ನಿಜವಾದ ಬಲ ನನಗೆ ಕಾಣುವುದು ಇಲ್ಲಿಯೇ.

ಆದರೆ ಒಂದು ಎಚ್ಚರ ಬೇಕು. ಒಣದ್ರಾಕ್ಷಿ 50,000ಕ್ಕೆ, ನಿಂಬೆ 10,000ಕ್ಕೆ ಮಾರಿ, ಬ್ಯಾಂಕಿಗೆ 40,000, ಕೈಗೆ ನಗದು 20,000 ಬಂದದ್ದನ್ನು ಒಂದೇ ನಮೂದಿನಲ್ಲಿ ಬರೆದಿರಿ ಎನ್ನಿ. ‘ಒಣದ್ರಾಕ್ಷಿ’ ಹುಡುಕಿ ರಿಲೇಟೆಡ್ ಕೇಳಿದರೆ ನಿಂಬೆಯ ಸಾಲೂ ಬರುತ್ತದೆ. ಬ್ಯಾಂಕು, ನಗದಷ್ಟನ್ನೇ ಕೂಡಿದರೆ 60,000, ಒಣದ್ರಾಕ್ಷಿ ಮಾರಿದ್ದಕ್ಕಿಂತ ಹತ್ತು ಸಾವಿರ ಹೆಚ್ಚು! ತಂತ್ರಾಂಶ ತಪ್ಪಿಲ್ಲ. ಯಾವ ಸಾಲುಗಳು ಒಟ್ಟಿಗಿವೆ ಎಂಬುದಷ್ಟೇ ಅದಕ್ಕೆ ಗೊತ್ತು, ನಿಂಬೆಯ ರೊಕ್ಕ ಬ್ಯಾಂಕಿಗೆ ಹೋಯಿತೋ ಕೈಗೆ ಬಂತೋ ಎಂಬುದನ್ನು ನೀವು ಬರೆದೇ ಇಲ್ಲ. ಯಾವ ಫಿಲ್ಟರ್‌ಗೂ ಆಮೇಲೆ ಅದನ್ನು ಬಿಡಿಸಲಾಗದು. ಮಾಲು ಎರಡಾದರೆ, ಬರೆಯುವಾಗಲೇ ನಮೂದನ್ನೂ ಎರಡು ಮಾಡಬೇಕು.