ಬಿಳಿ ಬೇಸಿನ್, ನೀಲಿ ಸಮುದ್ರ

ಪ್ರತಿ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಚೆರ್ಸಾಯೆ ಮೇಳ ನಡೆಯುತ್ತದೆ. ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನು ಮಾಡುವವರೆಲ್ಲ ಅಲ್ಲಿ ಸೇರುತ್ತಾರೆ. ನಮ್ಮ ಗುಜರಾತಿನ ಮೋರ್ಬಿ, ಥಾನ್‌ಗಢದ ಸೆರಾಮಿಕ್ ಕಾರ್ಖಾನೆಯವರೂ ಹೋಗಿ ಬರುತ್ತಾರೆ. ಅವರು ವಾಪಸ್ ಬಂದ ವಾರವೇ ನನ್ನ ಫೋನಿಗೆ ವಿಡಿಯೋಗಳ ಸುರಿಮಳೆ.

ವಿಡಿಯೋ ಎಲ್ಲಾ ಒಂದೇ ಥರ. ಕತ್ತಲೆ ಕೋಣೆ. ಮೂರು ಗೋಡೆಗೂ ಎಲ್‌ಇಡಿ ಪರದೆ. ಅದರಲ್ಲಿ ಸಮುದ್ರ ಅಥವಾ ಜಲಪಾತ. ನಡುವೆ ಒಂದೇ ಒಂದು ಬಿಳಿ ವಾಶ್‌ಬೇಸಿನ್. ಕೆಳಗೆ ಮೆಸೇಜು: "ನಮಗೂ ಇಂಥದ್ದೇ ಇಮ್ಮರ್ಸಿವ್ ಸ್ಟಾಲ್ ಬೇಕು. ಒಳಗೆ ಬಂದವನಿಗೆ ನೀರಿಗೆ ಇಳಿದ ಹಾಗೆ ಅನ್ನಿಸಬೇಕು."

ಸರಿ, ಅನ್ನಿಸಲಿ. ಆದರೆ ನೀವು ಮಾರುತ್ತಿರುವುದು ಸಮುದ್ರವನ್ನಲ್ಲ, ಬೇಸಿನ್ನನ್ನು, ಅಲ್ವಾ?

ಸ್ಟಾಲ್ ಡಿಸೈನ್ ಮಾಡುವ ನಾನು ಇದೊಂದು ವಿಷಯವನ್ನು ಎಷ್ಟು ಮೀಟಿಂಗುಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಬಿಡುತ್ತೇನೆ. ಹೊಳೆಯುವ ಬಿಳಿ ಸೆರಾಮಿಕ್ ಅರ್ಧ ಬಿಳಿ, ಅರ್ಧ ಕನ್ನಡಿ. ಮೇಲಿರುವ ಗ್ಲೇಜ್ ಒಂದು ತೆಳು ಗಾಜಿನ ಪದರ. ಅದರ ಮೇಲೆ ಬಿದ್ದ ಬೆಳಕಿನ ದೊಡ್ಡ ಪಾಲು ಒಳಗೆ ಹೋಗಿ, ಚದುರಿ, ಬಿಳಿಯಾಗಿ ಹೊರಗೆ ಬರುತ್ತದೆ. ನಮಗೆ ಬೇಕಾದ ಬಿಳಿ ಅದು. ಆದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಒಳಗೆ ಹೋಗುವುದೇ ಇಲ್ಲ. ಮೇಲಿಂದ ಮೇಲೆಯೇ ಪ್ರತಿಫಲಿಸಿ ವಾಪಸ್ ಬರುತ್ತದೆ. ಓರೆಯಾಗಿ ಬಿದ್ದರೆ ಇನ್ನೂ ಜಾಸ್ತಿ. ಹೀಗೆ ವಾಪಸ್ ಬರುವ ಬೆಳಕಿಗೆ ಬೇಸಿನ್‌ನ ಬಣ್ಣ ಇರುವುದಿಲ್ಲ. ಎದುರಿಗೆ ಏನಿದೆಯೋ ಅದರ ಬಣ್ಣವೇ ಇರುತ್ತದೆ.

"ಬರೀ 4 ಪರ್ಸೆಂಟ್ ತಾನೇ, ಬಿಡಿ ಸಾರ್" ಎನ್ನುತ್ತಾರೆ. ಬಿಡಲಾಗುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ.

ಪರದೆ ಚೆನ್ನಾಗಿ ಕಾಣಲಿ ಅಂತ ಕೋಣೆಯನ್ನು ಕತ್ತಲು ಮಾಡುತ್ತೀರಿ. ಪರದೆಯಿಂದಲೇ ಬೀಳುವ ಬೆಳಕನ್ನು ಸದ್ಯಕ್ಕೆ ಬಿಟ್ಟು, ದೀಪಗಳಿಂದ ಬೇಸಿನ್ ಮೇಲೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಉಳಿಯಿತು ಅಂತಿಟ್ಟುಕೊಳ್ಳಿ. ಆಗ ಬಿಳಿ ಮೈಯ ಸ್ವಂತ ಹೊಳಪು 13 ನಿಟ್‌ನಷ್ಟು (ನಿಟ್ ಅಂದರೆ ಕಣ್ಣಿಗೆ ಕಾಣುವ ಹೊಳಪಿನ ಅಳತೆ). ಪಕ್ಕದ ಎಲ್‌ಇಡಿ ಗೋಡೆಯ ಹೊಳಪು 600 ನಿಟ್ ಇದ್ದರೆ, ಅದರ ಶೇಕಡಾ 4 ಅಂದರೆ 24 ನಿಟ್. ಬೇಸಿನ್‌ನ ಬಿಳಿಗಿಂತ ಬೇಸಿನ್‌ನಲ್ಲಿ ಕಾಣುವ ಸಮುದ್ರವೇ ಸುಮಾರು ಎರಡು ಪಟ್ಟು ಪ್ರಕಾಶ! ಈಗ ಕೋಣೆಗೆ 500 ಲಕ್ಸ್ ಬೆಳಕು ಕೊಡಿ. ಬಿಳಿಯ ಹೊಳಪು 127ರ ಹತ್ತಿರ ಹೋಗುತ್ತದೆ. ಸಮುದ್ರ ಅದೇ 24. ಬಿಳಿ ಗೆದ್ದಿತು. ಆದರೆ ಅಷ್ಟು ಬೆಳಕಿನಲ್ಲಿ ಪರದೆ ಸಪ್ಪೆಯಾಗುತ್ತದೆ. ಲಕ್ಷಗಟ್ಟಲೆ ಬಾಡಿಗೆ ಕೊಟ್ಟವರಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಸ್ಟಾಲ್‌ನಲ್ಲಿ ವಿಡಿಯೋದ ಬಣ್ಣ, ನೋಡುವ ಕೋನ, ಬೇಸಿನ್‌ನ ಆಕಾರ ಎಲ್ಲ ಸೇರಿ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಕೋಣೆ ಕತ್ತಲಾದಷ್ಟೂ ಸಮುದ್ರದ ಕೈ ಮೇಲಾಗುತ್ತದೆ ಅನ್ನುವುದು ಮಾತ್ರ ಬದಲಾಗುವುದಿಲ್ಲ.

ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಬೇಸಿನ್ ಮೇಲೆ ಎಷ್ಟು ಬೆಳಕು ಬೀಳಬೇಕು ಅನ್ನುವುದು ಎರಡನೇ ಪ್ರಶ್ನೆ. ಬೇಸಿನ್‌ನಲ್ಲಿ ಏನು ಕಾಣಬೇಕು ಅನ್ನುವುದು ಮೊದಲನೇ ಪ್ರಶ್ನೆ. ಅದರ ಎದುರಿಗೆ, ಮೇಲೆ, ಪಕ್ಕದಲ್ಲಿ ನೀವು ಇಟ್ಟದ್ದೆಲ್ಲ ಅದರಲ್ಲಿ ಕಾಣುತ್ತದೆ. ಸ್ಪಾಟ್‌ಲೈಟ್ ಇಟ್ಟರೆ ಚುಕ್ಕಿ ಚುಕ್ಕಿ ಕಾಣುತ್ತದೆ. ಎದುರಿನ ಸ್ಟಾಲ್‌ನವರು ಕೆಂಪು ಬೋರ್ಡ್ ಹಾಕಿದರೆ ಅದೂ ಕಾಣುತ್ತದೆ.

ಬೆಂಗಳೂರಿನ ಒಂದು ಮೇಳದಲ್ಲಿ ಇಂಥ ಸಮುದ್ರದ ಸ್ಟಾಲ್ ನೋಡಿದೆ. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಜನ ಕಿಕ್ಕಿರಿದಿದ್ದರು. ಎಲ್ಲರೂ ಬೇಸಿನ್‌ಗೆ ಬೆನ್ನು ಹಾಕಿ, ಸಮುದ್ರದ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬರು ಮಾತ್ರ ಬೇಸಿನ್ ಹತ್ತಿರ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ನೋಡುತ್ತಿದ್ದರು. "ಏನ್ ಹುಡುಕ್ತಿದ್ದೀರಾ?" ಅಂತ ಕೇಳಿದೆ. "ಇದು ಬಿಳಿನೋ, ಐವರಿನೋ ಗೊತ್ತಾಗ್ತಿಲ್ರೀ" ಅಂದರು. ಆರ್ಡರ್ ಕೊಡುವ ಮನುಷ್ಯ ಅವರು. ಕಂಪನಿಯ ಹುಡುಗರು ಸೆಲ್ಫಿ ತೆಗೆಯುವವರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಬಿಜಿ ಇದ್ದರು.

ಹಾಗಾದರೆ ಏನು ಮಾಡಬೇಕು? ಬೇಸಿನ್‌ಗೆ ನೋಡಲು ಒಂದು ದೊಡ್ಡ, ಮೆತ್ತನೆಯ ಆಕಾಶ ಕೊಡಿ. ಮೇಲ್ಛಾವಣಿಗೆ ಬಿಳಿ ಬಟ್ಟೆ ಬಿಗಿದು ಹಿಂದಿನಿಂದ ಸಮನಾಗಿ ಬೆಳಕು ಬಿಡುತ್ತೇವೆ. ಆಗ ಗ್ಲೇಜ್ ಮೇಲೆ ಚುಕ್ಕಿಗಳಿರುವುದಿಲ್ಲ. ಒಂದು ಉದ್ದನೆಯ ನಯವಾದ ಹೊಳಪು ಅಂಚಿನಿಂದ ತಳದವರೆಗೆ ಜಾರುತ್ತದೆ. ಆಕಾರ ಕಣ್ಣಿಗೆ ಸಿಗುವುದು ಆ ಹೊಳಪಿನಿಂದಲೇ. ಬೆಳಕಿನ ಬಣ್ಣ 4000 ಕೆಲ್ವಿನ್ ಆಸುಪಾಸು ಇರಲಿ. ಇನ್ನೂ ಹಳದಿಗೆ ಹೋದರೆ ಬಿಳಿ ಕೆನೆಯಾಗುತ್ತದೆ, ನೀಲಿಗೆ ಹೋದರೆ ಆಸ್ಪತ್ರೆಯಾಗುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಒಂದು ಕಪ್ಪು ಪಟ್ಟಿ ಇಡಬೇಕು. ಗೋಡೆಯಲ್ಲೋ ಛಾವಣಿಯ ಅಂಚಿನಲ್ಲೋ. ಅದು ಬೇಸಿನ್‌ನ ಅಂಚಿನಲ್ಲಿ ತೆಳುವಾದ ಗೆರೆಯಾಗಿ ಕಾಣುತ್ತದೆ. ಆ ಗೆರೆ ಇಲ್ಲದಿದ್ದರೆ ಬಿಳಿ ಗೋಡೆಯ ಮುಂದೆ ಬಿಳಿ ಬೇಸಿನ್ ಮಾಯ.

ಇದು ನಾನು ಕಂಡುಹಿಡಿದದ್ದಲ್ಲ. ಪ್ರಾಡಕ್ಟ್ ಫೋಟೋ ತೆಗೆಯುವವರಿಗೆಲ್ಲ ಗೊತ್ತು. 1917ರಲ್ಲಿ ಕಲಾವಿದ ಮಾರ್ಸೆಲ್ ದುಶಾಂ ನ್ಯೂಯಾರ್ಕಿನ ಕಲಾ ಪ್ರದರ್ಶನಕ್ಕೆ ಕಳಿಸಿದ ಮೂತ್ರಪಾತ್ರೆ ನೆನಪಿದೆಯಲ್ಲ? ಅಸಲಿ ವಸ್ತು ಕಳೆದುಹೋಯಿತು. ಉಳಿದದ್ದು ಆಲ್‌ಫ್ರೆಡ್ ಸ್ಟಿಗ್ಲಿಟ್ಸ್ ತೆಗೆದ ಫೋಟೋ. ಆತ ಅದನ್ನು ಬಿಳಿ ಗೋಡೆಯ ಮುಂದೆ ಇಡಲಿಲ್ಲ. ಹಿಂದೆ ಒಂದು ಪೇಂಟಿಂಗ್ ಇಟ್ಟ. ಪಿಂಗಾಣಿಯ ಬಾಗು ಎದ್ದು ಕಂಡಿತು.

ಪರದೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮ್ಯಾಟ್ ಫಿನಿಶ್ ಸಾಮಾನಿಗೆ ಈ ಕಾಟ ಬಹಳ ಕಡಿಮೆ. ಅಲ್ಲಿ ಪ್ರತಿಬಿಂಬ ಹರಡಿ ಹೋಗುತ್ತದೆ. (ಆದರೆ ಮ್ಯಾಟ್ ಕಪ್ಪು ಇಟ್ಟರೆ ಬೆರಳಚ್ಚು ಒರೆಸಲು ಒಬ್ಬ ಹುಡುಗ ಅಲ್ಲೇ ನಿಂತಿರಬೇಕು.) ಹೊಳೆಯುವ ಬಿಳಿಗೂ ಪರದೆ ಬೇಕೇ ಬೇಕು ಅಂದರೆ, ಒಳಗೆ ಬರುವ ದಾರಿಯಲ್ಲಿ ಹಾಕಿ. ಅಲ್ಲಿ ಸಮುದ್ರ ನೋಡಲಿ, ತಿರುವು ದಾಟಿ ಬಂದಮೇಲೆ ಬೇಸಿನ್ ನೋಡಲಿ. ಯಾವ ಗ್ಲೇಜ್ ಎಷ್ಟು ತಡೆದುಕೊಳ್ಳುತ್ತದೆ ಅಂತ ನೋಡದೆ ನಾನು ಮಾತು ಕೊಡುವುದಿಲ್ಲ.

ಪರದೆಯೇ ಇಲ್ಲದೆ ಜನರನ್ನು ಒಳಗೆಳೆದುಕೊಳ್ಳಬಹುದು ಅನ್ನುವುದಕ್ಕೆ ಬಾತ್‌ರೂಮ್ ಸಾಮಾನಿನ ಕಂಪನಿ ರೋಕಾದ ಲಂಡನ್ ಗ್ಯಾಲರಿಯ ಫೋಟೋ ತೋರಿಸುತ್ತೇನೆ. ವಾಸ್ತುಶಿಲ್ಪಿ ಜಹಾ ಹದೀದ್ ಅವರ ಸಂಸ್ಥೆಯ ವಿನ್ಯಾಸ, 2011ರಲ್ಲಿ ತೆರೆದದ್ದು. ನೀರು ಕೊರೆದು ದಾರಿ ಮಾಡಿದ ಹಾಗೆ ಗೋಡೆಗಳು ಬಾಗುತ್ತವೆ. ಅಲ್ಲಿಯೂ ಪರದೆಗಳಿರಬಹುದು. ಆದರೆ ಕೆಲಸ ಮಾಡುವುದು ಆ ಗೋಡೆಗಳೇ. ಅಷ್ಟು ಹಣ ನಮ್ಮ ನಾಲ್ಕು ದಿನದ ಸ್ಟಾಲಿಗೆ ಯಾರೂ ಹಾಕುವುದಿಲ್ಲ, ಹಾಕಲೂ ಬಾರದು.

ನಮ್ಮ ಜನರಿಗೆ ಬೇರೆ ದಾರಿ ಇದೆ. ಮುಟ್ಟಲು ಬಿಡಿ. ಸ್ಟಾಲಿಗೆ ಬಂದ ಹೆಂಗಸರು ಬೇಸಿನ್ ಮುಂದೆ ನಿಂತು, ನಲ್ಲಿ ತಿರುಗಿಸಿದ ಹಾಗೆ ಮಾಡಿ, ಸುಮ್ನೆ ಕೈ ತೊಳೆದ ಹಾಗೆ ಮಾಡುತ್ತಾರೆ. ವಯಸ್ಸಾದವರು ಸುತ್ತ ಮುತ್ತ ಯಾರಿಲ್ಲ ಅಂತ ನೋಡಿ ಕಮೋಡ್ ಮೇಲೆ ಒಂದು ಸಲ ಕೂತು ಎದ್ದುಬಿಡುತ್ತಾರೆ. ಮಂಡಿ ನೋವಿನವರಿಗೆ ಆ ಎತ್ತರ ಗೊತ್ತಾಗಲೇಬೇಕು. ನೀವು ಅದನ್ನು ಒಡವೆಯಂತೆ ಪೀಠದ ಮೇಲೆ ಏರಿಸಿ "ಕೂರಬೇಡಿ" ಅಂತ ಬೋರ್ಡ್ ಹಾಕಿದರೆ ಅವರೇನು ಮಾಡಬೇಕು? ಬೇಸಿನ್‌ನ ಅಂಚು 800ರಿಂದ 850 ಮಿಲಿಮೀಟರ್ ಎತ್ತರದಲ್ಲಿ, ಮನೆಯಲ್ಲಿ ಇರುವ ಹಾಗೆಯೇ ಇರಲಿ.

ಇನ್ನೊಂದು ಮಾತು. ಗೋಡೆಯಲ್ಲಿ ಬೇಸಿನ್ ಕೂರುವ ಕಿಂಡಿಯನ್ನು ಡ್ರಾಯಿಂಗ್ ನೋಡಿ ಕತ್ತರಿಸಬೇಡಿ. ಅಚ್ಚಿನಿಂದ ತೆಗೆದ ಹಸಿ ಮಣ್ಣು ಒಣಗಿ, ಸುಮಾರು 1200 ಡಿಗ್ರಿಯಲ್ಲಿ ಬೆಂದು ಹೊರಬರುವಷ್ಟರಲ್ಲಿ ಹತ್ತಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ಅಷ್ಟು ಕುಗ್ಗುವ ವಸ್ತು ಒಂದರಿಂದ ಇನ್ನೊಂದಕ್ಕೆ ಕೆಲವು ಮಿಲಿಮೀಟರ್ ಬೇರೆ ಇರುವುದು ಸಹಜ. ಸಾಮಾನು ಬಂದ ಮೇಲೆ ಅಳೆದು ಕತ್ತರಿಸಿ. ಬಡಗಿಗೆ ಇದು ಗೊತ್ತು. ಕಂಪ್ಯೂಟರ್ ಮುಂದೆ ಕೂತವನಿಗೆ ಹೇಳಬೇಕು.

ಥಾನ್‌ಗಢದ ಹಿರಿಯ ಸೇಠ್ ಒಬ್ಬರಿದ್ದಾರೆ. ಸ್ಟಾಲಿಗೆ ಬಂದ ಪ್ರತಿ ಕಮೋಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ, ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ನಮ್ಮ ಅಜ್ಜಿಯರ ಹಾಗೆ. ಸರಿಯಾಗಿ ಬೆಂದದ್ದು ಗಂಟೆಯಂತೆ ನಿನದಿಸುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮೊದ್ದು. ಅವರನ್ನು ನೋಡಿಯೇ ನನಗೊಂದು ಯೋಚನೆ ಬಂತು. ಅವರ ಕಾರ್ಖಾನೆಯ ಹಿತ್ತಿಲಲ್ಲಿ ಸವೆದ ಪ್ಲಾಸ್ಟರ್ ಅಚ್ಚುಗಳ ರಾಶಿ ಬಿದ್ದಿತ್ತು. ಅಚ್ಚು ನೀರು ಹೀರಿ ಹೀರಿ ಸವೆಯುತ್ತದೆ, ಒಂದಷ್ಟು ಎರಕದ ನಂತರ ಎಸೆಯಲೇಬೇಕು. ಅದನ್ನೇ ಲಾರಿಯಲ್ಲಿ ತರಿಸಿ, ಒಳ ಬರುವ ದಾರಿಯ ಎರಡೂ ಬದಿಗೆ ಗೋಡೆಯಾಗಿ ಜೋಡಿಸಿದೆವು. ಕೊನೆಯಲ್ಲಿ ಒಂದು ಒಳ್ಳೆಯ, ಒಂದು ಬಿರುಕು ಬಿಟ್ಟ ಬೇಸಿನ್, ಪಕ್ಕದಲ್ಲಿ ಒಂದು ಮರದ ಕೊಡತಿ. ಬಂದವರೆಲ್ಲ ತಟ್ಟಿದ್ದೇ ತಟ್ಟಿದ್ದು. ಪಕ್ಕದ ಸ್ಟಾಲಿನವರು ಸದ್ದು ಜಾಸ್ತಿ ಅಂತ ದೂರು ಕೊಟ್ಟರು. ಅಚ್ಚಿನ ಗೋಡೆಗೆ ಖರ್ಚಾದದ್ದು ಲಾರಿ ಬಾಡಿಗೆ ಮತ್ತು ಕೂಲಿ.

ಇನ್ನು ನೀರು. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಎಲ್ಲ ಸ್ಟಾಲಿಗೂ ನಲ್ಲಿ, ಡ್ರೈನ್ ಸಿಗುವುದಿಲ್ಲವಾದ್ದರಿಂದ ಟ್ಯಾಂಕ್ ಇಟ್ಟು ಅದೇ ನೀರನ್ನು ಪಂಪ್ ಮಾಡಿ ತಿರುಗಿಸುತ್ತೇವೆ. ಗ್ರಾಹಕರಿಗೆ ಅಷ್ಟು ಸಾಲದು. "ನೀರಿನ ಮಂಜು ಬರಿಸಿ" ಎನ್ನುತ್ತಾರೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್‌ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಪ್ರದರ್ಶನಕ್ಕಿಟ್ಟ, ನೀರಿನಲ್ಲಿ ಗುಳ್ಳೆ ಏಳುವ ಸ್ನಾನದ ತೊಟ್ಟಿಯೊಂದು ಓಡುತ್ತಿತ್ತು. ಅದರಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಹಾರಿದ ಸಣ್ಣ ಹನಿಗಳನ್ನು ಉಸಿರಾಡಿದ ಸುಮಾರು 200 ಜನರಿಗೆ ನ್ಯುಮೋನಿಯಾ ಆಯಿತು. 30ರ ಆಸುಪಾಸು ಜನ ಸತ್ತರು. ಅವರಲ್ಲಿ ಅನೇಕರು ತೊಟ್ಟಿಯನ್ನು ಮುಟ್ಟಿಯೂ ಇರಲಿಲ್ಲ, ಪಕ್ಕದಲ್ಲಿ ನಡೆದು ಹೋದವರು ಅಷ್ಟೆ. ಬೆಚ್ಚಗೆ ನಿಂತ ನೀರು, ತಿರುಗಿ ತಿರುಗಿ ಬರುವ ಅದೇ ನೀರು ಈ ಬ್ಯಾಕ್ಟೀರಿಯಾಗೆ ಇಷ್ಟ. ದೀಪಗಳ, ಪಂಪಿನ ಬಿಸಿಗೆ ಸ್ಟಾಲಿನ ಟ್ಯಾಂಕ್ ಹಾಗೆಯೇ ಆಗುತ್ತದೆ. ಕ್ಲೋರಿನ್ ಎಷ್ಟು, ದಿನಕ್ಕೆ ಎಷ್ಟು ಸಲ ನೀರು ಬದಲಿಸಬೇಕು ಅಂತ ಹೇಳಬೇಕಾದವರು ನೀರು ಶುದ್ಧೀಕರಣ ಗೊತ್ತಿರುವವರು, ನಾನಲ್ಲ. ತಿರುಗಿಸಿದ ನೀರಿನಿಂದ ಮಂಜು ಮಾತ್ರ ನಾನು ಮಾಡಿಕೊಡುವುದಿಲ್ಲ. ಬೇರೆಯವರು ಮಾಡಿಕೊಡುತ್ತಾರೆ ಅಂದರೆ, ನಮಸ್ಕಾರ.

ಮತ್ತೆ ಪರದೆಯ ವಿಷಯಕ್ಕೆ ಬಂದರೆ, ನೀವು ನನ್ನ ಮಾತು ನಂಬಬೇಕಾಗಿಲ್ಲ. ರೆಂಡರ್ ನೋಡಿಯೂ ನಂಬಬೇಡಿ. ಕಂಪ್ಯೂಟರ್ ಚಿತ್ರದಲ್ಲಿ ಬೇಡದ ಪ್ರತಿಬಿಂಬವನ್ನು ಅಳಿಸಲು ಒಂದು ನಿಮಿಷ ಸಾಕು. ಸಹಿ ಹಾಕುವ ಮೊದಲು ನಿಮ್ಮದೇ ಒಂದು ಬೇಸಿನ್ ಹಿಡಿದು ನಮ್ಮ ವರ್ಕ್‌ಶಾಪ್‌ಗೆ ಬನ್ನಿ. ದೀಪ ಆರಿಸಿ, ಪಕ್ಕದಲ್ಲಿ ದೊಡ್ಡ ಟಿವಿ ಹಚ್ಚಿ ತೋರಿಸುತ್ತೇನೆ. ನಮ್ಮ ಸೇಠ್ ಅವರಿಗೂ ಹಾಗೇ ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು. ಅರ್ಥವಾಯಿತು ಅಂತ ನನಗೆ ಖುಷಿ. ಆಮೇಲೆ ಕೇಳಿದರು: "ಹಾಗಾದರೆ ಟಿವಿಯಲ್ಲಿ ನಮ್ಮ ಲೋಗೋ ಹಾಕಿದರೆ ಎಲ್ಲ ಬೇಸಿನ್‌ನಲ್ಲೂ ಲೋಗೋ ಕಾಣುತ್ತಲ್ವಾ?"

ಕಾಣುತ್ತದೆ ಸೇಠ್‌ಜಿ, ಆದರೆ ಬೇಸಿನ್ ತಗ್ಗಾಗಿರುವುದರಿಂದ ತಲೆಕೆಳಗಾಗಿ ಕಾಣುತ್ತದೆ ಎಂದೆ. ಪರದೆಯ ಬಾಡಿಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಲು ಅವರು ಅಲ್ಲೇ ಮಗನಿಗೆ ಫೋನ್ ಮಾಡಿದರು.